ದಿಣ್ಣೆ ಬಸವಣ್ಣನ ಎರಡಾಣೆ ಪಾಲು

ಬಸ್ಸಿಗೆ ಬೆಲೆ ಕಟ್ಟಲು ಹಾಸನದಿಂದ ಬಂದ ಲೆಕ್ಕದ ಪುಟ್ಟಸ್ವಾಮಿ ಮೊದಲು ಮಾಡಿದ ಕೆಲಸವೆಂದರೆ ಅದರ ಹಿಂದಿನ ಚಕ್ರವನ್ನು ಬೂಟುಗಾಲಲ್ಲಿ ಒದ್ದದ್ದು. ಆಮೇಲೆ ಬಾನೆಟ್ಟು ಎತ್ತಿಸಿ ಇಣುಕಿದ. ಬಸ್ಸಿನೊಳಕ್ಕೆ ಹತ್ತಿ ಹೋಗಿ, ಸೀಟು ಹರಿದಲ್ಲೆಲ್ಲ ಬೆರಳು ತೂರಿಸಿ ತೆಂಗಿನ ನಾರು ಎಳೆದು ನೋಡಿದ. ಕೊನೆಗೆ ಕೈ ಕೊಡವಿಕೊಂಡು ಕೆಳಗಿಳಿದು, "ಏನ್ ಶಾಂತಪ್ಪನೋರೆ, ಇದು ಗುಜರಿ ಲೆಕ್ಕಕ್ಕೆ ಬಂದೈತಲ್ಲ!" ಎಂದ.

ಜಗಲಿಯ ಕಂಬಕ್ಕೆ ಒರಗಿ, ಮಗಳು ಚೆನ್ನಿಯನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದ ವಿಶಾಲಾಕ್ಷಮ್ಮನಿಗೆ ತನ್ನ ಗಂಡನನ್ನೇ ಯಾರೋ ಒದ್ದು ನೋಡಿದಂತಾಯಿತು. ಜವರಪ್ಪ ಜ್ವರದಲ್ಲಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಆ ಬಸ್ಸಿನಲ್ಲಿ ಅವನದು ಏಳಾಣೆ ಪಾಲು. ಈಗ ಅದು ಅವಳದು. ಅದನ್ನು ಕೊಂಡುಕೊಂಡು ಅವಳ ಕೈಬಿಡಿಸಬೇಕೆಂದೇ ಗಂಡನ ದೊಡ್ಡಪ್ಪನ ಮಗ, ಇನ್ನೊಂದು ಏಳಾಣೆಯ ಪಾಲುದಾರ ಶಾಂತಪ್ಪ ಈ ಪುಟ್ಟಸ್ವಾಮಿಯನ್ನು ಕರೆಸಿದ್ದ.

ಏಳೂ ಏಳೂ ಹದಿನಾಲ್ಕು. ರೂಪಾಯಿಗೆ ಹದಿನಾರಾಣೆ. ಮಿಕ್ಕ ಎರಡಾಣೆ ಊರ ಮೇಲುಗಡೆ ಕೂತಿರುವ ದಿಣ್ಣೆ ಬಸವಣ್ಣನದು.

ಅದು ಬಂದದ್ದು ಹೀಗೆ. ಯುದ್ಧ ಮುಗಿದ ಹೊಸತರಲ್ಲಿ ಮಿಲಿಟರಿಯವರು ಬೇಡವಾದ ಲಾರಿಗಳನ್ನು ಹರಾಜು ಹಾಕುತ್ತಿದ್ದರು. ಕೊಡ್ಲಿಪೇಟೆಯ ಪೇಟೆಬೀದಿಯಲ್ಲಿ ಏಲಕ್ಕಿ, ಮೆಣಸಿನಕಾಯಿ ವ್ಯಾಪಾರ ಮಾಡಿಕೊಂಡಿದ್ದ ಅಣ್ಣತಮ್ಮಂದಿರು ಅಂಥದೊಂದು ಲಾರಿಯ ಮೇಲೆ ಕಣ್ಣಿಟ್ಟರು. ಅದಕ್ಕೆ ಮರದ ಮೈ ಕಟ್ಟಿಸಿ ಬಸ್ಸು ಮಾಡುವುದು, ಬೆಳಗ್ಗೆ ಶನಿವಾರಸಂತೆ, ಸೋಮವಾರಪೇಟೆ ಮೇಲೆ ಮಡಿಕೇರಿಗೆ ಹೋಗಿ ಸಂಜೆಗೆ ಹಿಂದಿರುಗುವುದು ಎಂದು ಅವರ ಯೋಚನೆ. ಇಬ್ಬರೂ ಕೈಯಲ್ಲಿದ್ದುದನ್ನೆಲ್ಲ ಸುರಿದರೂ ಸ್ವಲ್ಪ ಕಡಿಮೆ ಬಿತ್ತು. ಆಗ ಊರ ಹಿರಿಯರು ಬಸವಣ್ಣನ ಹುಂಡಿಯಲ್ಲಿ ಕೂಡಿಬಿದ್ದಿದ್ದ ಹಣ ತೆಗೆದುಕೊಟ್ಟರು. ದೇವರ ಮುಂದೆ ವಿಭೂತಿ ಮುಟ್ಟಿ ಆಡಿದ ಮಾತು ಒಂದೇ. ಬಸ್ಸಿನಲ್ಲಿ ಬಸವಣ್ಣನದು ಎರಡಾಣೆ, ಬಸ್ಸು ನಡೆಯುವಷ್ಟು ಕಾಲ ಅವನ ನಂದಾದೀಪದ ಎಣ್ಣೆ ಬಸ್ಸಿನದು. ಅದು ಸಾಲವೋ ಪಾಲೋ ಎಂದು ಯಾರೂ ಕೇಳಲಿಲ್ಲ. ದೇವರೊಂದಿಗೆ ವ್ಯವಹಾರಕ್ಕಿಳಿದವರ ಬಾಯಲ್ಲಿ ಅಂಥ ಪ್ರಶ್ನೆ ಬರುವುದೂ ಇಲ್ಲ. ಕೈಮುಗಿದರು, ಕಾಯಿ ಒಡೆದರು, ಬಸ್ಸಿನ ಹಣೆಯ ಮೇಲೆ 'ದಿಣ್ಣೆ ಬಸವೇಶ್ವರ ಮೋಟಾರ್ ಸರ್ವಿಸ್' ಎಂದು ಹಳದಿ ಬಣ್ಣದಲ್ಲಿ ಬರೆಸಿದರು. ಅಲ್ಲಿಗೆ ಮುಗಿಯಿತು.

ಈಗ ಅದೇ ಮಾತು ಗಂಟಲಿಗೆ ಸಿಕ್ಕ ಮುಳ್ಳಾಗಿತ್ತು.

ಪುಟ್ಟಸ್ವಾಮಿ ಜಗಲಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಶಾಂತಪ್ಪ ಕೊಟ್ಟ ಮಜ್ಜಿಗೆ ಕುಡಿದು, ಲೆಕ್ಕ ಒಪ್ಪಿಸಿದ.

"ನೋಡಿ ತಾಯಿ, ಕಬ್ಬಿಣ, ಮರ, ಟೈರು ಇಷ್ಟು ಬತ್ತದೆ. ಇನ್ನು ರೂಟು ಪರ್ಮಿಟ್ಟು. ಅದಕ್ಕೇನು ಹಾಕೋದು ಹೇಳಿ? ಕೊಡಗನ್ನ ಮೈಸೂರಿಗೆ ಸೇರಿಸ್ಬೇಕು ಅಂತ ಡೆಲ್ಲಿಯಿಂದ ವರದಿ ಬಂದೈತೆ. ಸೇರಿಸಿದ ಮಾರನೇ ದಿನ ಸರ್ಕಾರದ ಬಸ್ಸೇ ಈ ರೋಡಿಗೂ ಬತ್ತದೆ. ಆಮೇಲೆ ನಿಮ್ಮ ಪರ್ಮಿಟ್ಟಲ್ಲಿ ಒಲೆ ಹಚ್ಚಬೋದು."

"ಮತ್ತೆ ಜನ?" ಎಂದಳು ವಿಶಾಲಾಕ್ಷಮ್ಮ.

"ಜನ ಏನು?"

"ನಮ್ಮ ಯಜಮಾನ್ರು ತಿರುವಿನಲ್ಲಿ ಬಸ್ಸು ನಿಲ್ಲಿಸಿ ಕಾಯ್ತಿದ್ರು, ಯಾರಾದ್ರು ಗದ್ದೆ ಬದಿಯಲ್ಲಿ ಓಡಿ ಬತ್ತಿದ್ರೆ. ಮಡಿಕೇರಿ ಆಸ್ಪತ್ರೆಯಿಂದ ಔಷಧಿ ತಂದು ಮನೆ ಬಾಗ್ಲಿಗೆ ಕೊಡೋರು. ಅದಕ್ಕೇ ಈವತ್ತೂ ಇನ್ನೊಂದು ಬಸ್ಸು ಮುಂದೆ ಹೋದ್ರೂ ಜನ ನಮ್ದಕ್ಕೇ ಕಾಯ್ತರೆ. ಅದಕ್ಕೆ ನಿಮ್ಮ ಲೆಕ್ಕದಲ್ಲಿ ಎಷ್ಟು?"

ಪುಟ್ಟಸ್ವಾಮಿ ನಕ್ಕ. "ಒಳ್ಳೆತನಕ್ಕೆ ಬೆಲೆ ಕಟ್ಟೋ ತಕ್ಕಡಿ ನನ್ನತ್ರ ಇಲ್ಲ ತಾಯಿ."

"ಹಂಗಾದ್ರೆ ನೀವು ಹಾಲು ಕರೆಯೋ ಹಸೂನ ತೊಗಲಿನ ಲೆಕ್ಕದಲ್ಲಿ ಕೇಳ್ತಾ ಇದೀರಿ."

"ಶಿವಶಿವಾ, ಎಂಥ ಮಾತು ಆಡ್ತೀಯಮ್ಮ!" ಎಂದು ಶಾಂತಪ್ಪ ಕಿವಿ ಮುಟ್ಟಿಕೊಂಡ. ಆದರೂ ಆ ಮಾತು ನಾಟಿತು. ಪುಟ್ಟಸ್ವಾಮಿ ಗೊಣಗಿಕೊಂಡು ಪರ್ಮಿಟ್ಟಿನ ಪಕ್ಕದಲ್ಲಿ ಒಂದಿಷ್ಟು ಏರಿಸಿದ. ವಿಶಾಲಾಕ್ಷಮ್ಮ ಉಸಿರು ಬಿಡುವಷ್ಟರಲ್ಲಿ ಅವನು ಮುಂದಿನ ಗೆರೆ ಎಳೆದ.

"ಇನ್ನು ಕಳೆಯೋದು. ದೇವರ ದುಡ್ಡು ಸಾಲ. ಸಾಲ ಮೊದ್ಲು ಕಳೀಬೇಕು. ಅವತ್ತಿಂದ ಇವತ್ತಿನವರೆಗೂ ಬಡ್ಡಿ ಸೇರಿಸಿ ಕಳೆದು, ಮಿಕ್ಕಿದ್ದು ನಿಮಗರ್ಧ, ಅವರಿಗರ್ಧ."

ಮಿಕ್ಕಿದ್ದರ ಅರ್ಧ ಎಂದರೆ ನಡುಪ್ರಾಯದ ಒಂದು ಜೊತೆ ಎತ್ತಿನ ಬೆಲೆ. ಜವರಪ್ಪನ ದುಡಿಮೆಯೆಲ್ಲ ಒಂದು ಜೊತೆ ಎತ್ತಾಗಿ ಅವಳ ಮುಂದೆ ನಿಂತಿತು.

"ಬಾವ," ಎಂದು ಅವಳು ಶಾಂತಪ್ಪನ ಕಡೆ ತಿರುಗಿದಳು, "ಆ ಸಾಲಾನ ಬಸವಣ್ಣನಿಗೆ ಯಾವತ್ತು ಕೊಡ್ತೀರಿ?"

"ಕೊಡೋದೆಲ್ಲಿ ಬಂತು? ಬಸ್ಸಲ್ಲೇ ಇರ್ತದೆ. ಎಣ್ಣೆ ನಡೀತದೆ. ನಾನೇ ನೋಡ್ಕತೀನಲ್ಲ."

ಅವಳು ಚೆನ್ನಿಯನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿ ಒಳಗೆ ಹೋದಳು. ಲೆಕ್ಕದಲ್ಲಿ ಏನೋ ಓರೆಯಾಗಿದೆ ಎಂದು ಅನ್ನಿಸಿತ್ತು. ಅದು ಯಾವುದೆಂದು ಮಾತ್ರ ಹೊಳೆದಿರಲಿಲ್ಲ.

ಶಾಂತಪ್ಪ ಕೆಟ್ಟವನಲ್ಲ. ತಮ್ಮನ ಹೆಣದ ಮುಂದೆ ಅವನು ಅತ್ತದ್ದು ಇಡೀ ಪೇಟೆಬೀದಿಗೆ ಕೇಳಿತ್ತು. ಆದರೆ ಬಸ್ಸಿನ ಎಂಜಿನ್ನು ಕೆಮ್ಮತೊಡಗಿತ್ತು, ಕೊಡಗು ರಾಜ್ಯ ಮೈಸೂರಿಗೆ ಸೇರುತ್ತದೆಂಬ ಸುದ್ದಿ ದಿನಕ್ಕೊಂದು ಬಣ್ಣದಲ್ಲಿ ಬರುತ್ತಿತ್ತು, ಹಾಸನದ ಒಬ್ಬ ಕಾಫಿ ವ್ಯಾಪಾರಿ ಹೊಸ ಬಸ್ಸಿಗೆ ಹಣ ಹೂಡಲು ಮುಂದೆ ಬಂದಿದ್ದ. ಅವನ ಷರತ್ತು ಒಂದೇ: ಹೆಂಗಸಿನ ಜೊತೆ ಪಾಲುದಾರಿಕೆ ಒಲ್ಲೆ, ಮೊದಲು ಅವಳದನ್ನು ಚುಕ್ತಾ ಮಾಡಿ.

ವಿಶಾಲಾಕ್ಷಮ್ಮ ಹುಟ್ಟಿದ್ದು ಯಸಳೂರಿನ ಕಡೆ, ಹೇಮಾವತಿಯ ಆಚೆ ದಡದಲ್ಲಿ. ಶಾಲೆಗೆ ಹೋದದ್ದು ಅಲ್ಪಸ್ವಲ್ಪ. ಮದುವೆಯಾಗಿ ಹೊಳೆ ದಾಟಿ ಬಂದ ಮೇಲೆ ಬಸ್ಸಿನ ಮನೆಯ ಸೊಸೆ ಎಂದೇ ಹೆಸರಾದಳು. ಡ್ರೈವರ್ ಮಾರನಿಗೆ ಬೆಳಗಿನ ರೊಟ್ಟಿ ಕಟ್ಟಿಕೊಡುವುದು, ಸಂಜೆ ಬಂದ ಚಿಲ್ಲರೆಯನ್ನು ಕಾಸಿಗೆ ಕಾಸು, ಆಣೆಗೆ ಆಣೆ ಬೇರೆ ಮಾಡಿ ಗಂಟು ಕಟ್ಟಿಡುವುದು, ದೀಪದ ಎಣ್ಣೆಗೆ ಹರಳು ಬೇಯಿಸುವುದು ಇವೆಲ್ಲ ಅವಳ ಕೆಲಸ. ಹರಳು ಅವಳದೇ ಹಿತ್ತಲಿನದು, ಅದಕ್ಕೆ ಬಸ್ಸಿನ ಗಂಟಿನಿಂದ ದುಡ್ಡು ತೆಗೆದಿಟ್ಟುಕೊಳ್ಳುತ್ತಿದ್ದಳು. ಲೆಕ್ಕ ಲೆಕ್ಕವೇ, ದೇವರದಾದರೂ.

ಪಾಲು ಮಾರಿ ಇಡುಗಂಟು ತೆಗೆದುಕೊಂಡು ಬಿಟ್ಟುಬಿಡು ಎಂದು ಹೇಳಿದವರು ಶಾಂತಪ್ಪನ ಕಡೆಯವರು ಮಾತ್ರವಲ್ಲ. ತವರಿನ ಅಣ್ಣನೂ ಅದನ್ನೇ ಹೇಳಿ ಕಳಿಸಿದ್ದ. ಆಲೂಗೆಡ್ಡೆ ವ್ಯಾಪಾರಕ್ಕೆ ಹಾಕಿದರೆ ಎರಡು ವರ್ಷದಲ್ಲಿ ಎರಡರಷ್ಟು ಮಾಡಿಕೊಡುತ್ತಾನಂತೆ. ಮೈದುನನೊಬ್ಬ ಮನೆಯ ಹೆಂಚು ಬದಲಾಯಿಸಬೇಕೆಂದ. ಗಂಟೆಂಬುದು ಇನ್ನೂ ಅವಳ ಕೈಗೇ ಬಂದಿರಲಿಲ್ಲ, ಅದರ ಸುತ್ತ ಆಗಲೇ ಅಷ್ಟು ಕೈಗಳು. ಅದೇ ಬಸ್ಸಿನ ಏಳಾಣೆಯಾದರೆ ವಾರವಾರಕ್ಕೆ ಇಷ್ಟಿಷ್ಟೇ ಬರುತ್ತದೆ. ಇಷ್ಟಿಷ್ಟೇ ಬಂದದ್ದಕ್ಕೆ ಯಾರೂ ಕೈ ಚಾಚುವುದಿಲ್ಲ. ಅದು ಅಕ್ಕಿಯಾಗುತ್ತದೆ, ಉಪ್ಪಾಗುತ್ತದೆ, ಚೆನ್ನಿಯ ಲಂಗವಾಗುತ್ತದೆ. ಅವಳಿಗೆ ಬೇಕಾದದ್ದು ಅದು. ಪಾಲು ಉಳಿಯಬೇಕು, ಬೇರೇನೂ ಬೇಡ.

ಆ ವಾರ ಅವಳು ಹಿತ್ತಲಲ್ಲಿ ಹರಳು ಕುದಿಸುತ್ತಿದ್ದಾಗ ಶಾಂತಪ್ಪನ ಹೆಂಡತಿ ಶಿವಮ್ಮ ಬಂದು ಕಲ್ಲಿನ ಮೇಲೆ ಕೂತಳು. ಓರಗಿತ್ತಿಯರಾದರೂ ಇಬ್ಬರಿಗೂ ಒಂದೇ ಒರಳು, ಒಂದೇ ಬಾವಿ.

"ಏನೇ, ನಮ್ಮೆಜಮಾನ್ರ ಮುಖಕ್ಕೇ ತೊಗಲಿನ ಮಾತು ಆಡಿದೆಯಂತೆ."

"ಪುಟ್ಟಸ್ವಾಮಿ ಮುಖಕ್ಕೆ ಕಣಕ್ಕ. ಬಾವನ ಮುಖ ಪಕ್ಕದಲ್ಲಿತ್ತು, ಅಷ್ಟೇ."

ಶಿವಮ್ಮ ಸೆರಗಿನಲ್ಲಿ ನಗೆ ಮುಚ್ಚಿಕೊಂಡಳು. ಆಮೇಲೆ ದನಿ ತಗ್ಗಿಸಿದಳು. "ಸುಮ್ನೆ ತಗಂಡ್ಬುಡು ವಿಶಾಲು. ನಾಳೆ ಎಂಜಿನ್ನು ಸುಟ್ಟೋದ್ರೆ ಆ ಎತ್ತಿನ ಬೆಲೆನೂ ಇಲ್ಲ. ನಮ್ಮೆಜಮಾನ್ರಿಗೆ ದೇವರ ದುಡ್ಡಿನ ಭಯ. ಅದು ಸಾಲಾನೇ ಅಂತ ಅವರು ನಂಬವ್ರೆ. ದೇವರಿಗೆ ನಷ್ಟ ಹೊರಿಸೋಕೆ ಆಯ್ತದಾ ಹೇಳು?"

ಶಿವಮ್ಮ ಹೋದ ಮೇಲೆ ಆ ಮಾತು ಹಿತ್ತಲಲ್ಲೇ ಉಳಿಯಿತು. ವಿಶಾಲಾಕ್ಷಮ್ಮ ಕುದಿಯುವ ಮಡಕೆಯಿಂದ ಮೇಲೆ ತೇಲಿದ ಎಣ್ಣೆಯನ್ನು ಸೌಟಿನಲ್ಲಿ ಎತ್ತೆತ್ತಿ ಬಟ್ಟಲಿಗೆ ಬಿಡುತ್ತ ತನ್ನ ಅಪ್ಪನನ್ನು ನೆನೆದಳು.

ಅಪ್ಪ ಬೇರೆಯವರಿಗೆ ಎರಡು ಬಗೆಯಲ್ಲಿ ಕೊಡುತ್ತಿದ್ದ. ಬಿತ್ತನೆಗೆ ಬತ್ತ ಕೊಟ್ಟರೆ ಸುಗ್ಗಿಯಲ್ಲಿ ಮೇಲೊಂದಿಷ್ಟು ಸೇರಿಸಿ ಹಿಂದಕ್ಕೆ ಕೊಡಬೇಕು. ಮಳೆ ಬರಲಿ ಬಿಡಲಿ, ಬೆಳೆ ಹುಳ ತಿನ್ನಲಿ, ಅದು ತಪ್ಪುವಂತಿಲ್ಲ. ಆದರೆ ಕಡಸನ್ನು ಪಾಲಿಗೆ ಕೊಟ್ಟರೆ ಮಾತೇ ಬೇರೆ. ಸಾಕಿದವನಿಗೆ ಒಂದು ಕರು, ಕೊಟ್ಟವನಿಗೆ ಒಂದು ಕರು. ಕಡಸು ಸತ್ತರೆ ಇಬ್ಬರೂ ಸೇರಿ ಗುಂಡಿ ತೋಡಬೇಕು, ಯಾರೂ ಯಾರನ್ನೂ ಕೇಳುವಂತಿಲ್ಲ. 'ಯಾವುದು ಸಾಲ, ಯಾವುದು ಪಾಲು ಅಂತ ಒಳ್ಳೇ ಕಾಲದಲ್ಲಿ ಗೊತ್ತಾಗಲ್ಲ ಮಗಾ, ಕೆಟ್ಟ ಕಾಲದಲ್ಲಿ ಗೊತ್ತಾಯ್ತದೆ' ಎನ್ನುತ್ತಿದ್ದ.

ಕೆಟ್ಟ ಕಾಲ ಬಸ್ಸಿಗೂ ಒಂದು ಸಲ ಬಂದಿತ್ತು. ಅವಳು ಮದುವೆಯಾಗಿ ಬಂದ ವರ್ಷ ಮಳೆಗಾಲದಲ್ಲಿ ಸೋಮವಾರಪೇಟೆ ದಾರಿಯ ಮೋರಿ ಕುಸಿದು, ಅದು ರಿಪೇರಿಯಾಗದೆ ಬಸ್ಸು ಬೇಸಿಗೆಯ ತನಕ ಕೊಟ್ಟಿಗೆಯಲ್ಲೇ ನಿಂತಿತ್ತು. ಅಣ್ಣತಮ್ಮಂದಿರಿಗೆ ಕಾಸು ಹುಟ್ಟಲಿಲ್ಲ. ಆಗ ಬಸವಣ್ಣ ಬಡ್ಡಿ ಕೇಳಿದನೇ? ಇಲ್ಲ. ಬಸ್ಸು ಅವನಿಗೆ ಏನಾದರೂ ಕೊಟ್ಟಿತೇ? ಇಲ್ಲ! ನಷ್ಟದಲ್ಲಿ ಅವನೂ ಕೈ ಬರಿದು ಮಾಡಿಕೊಂಡು ಕೂತಿದ್ದ. ಹಾಗಾದರೆ ಅವನು ಪಾಲಿಗೆ ಕೊಟ್ಟವನೇ. ಪಾಲಾದರೆ ಮೊದಲೇ ಕಳೆಯುವ ಮಾತಿಲ್ಲ, ಬಡ್ಡಿಯೂ ಇಲ್ಲ. ಅವನಿಗೆ ಎರಡಾಣೆ, ತನಗೆ ತನ್ನ ತುಂಬಿದ ಏಳಾಣೆ. ಅಷ್ಟು ಬೆಲೆ ಕೊಟ್ಟು ಕೊಳ್ಳುವ ಶಕ್ತಿ ಬಾವನಿಗಾಗಲಿ ಹಾಸನದವನಿಗಾಗಲಿ ಇಲ್ಲ.

ಖುಷಿಯಲ್ಲಿ ಸೌಟು ಎತ್ತಿದ ಕೈ ಅಲ್ಲೇ ನಿಂತಿತು.

ಆ ವರ್ಷವೂ ದೀಪ ಆರಿರಲಿಲ್ಲ. ಆರದ ಹಾಗೆ ನೋಡಿಕೊಂಡವಳು ಅವಳೇ. ಹೊಸ ಸೊಸೆ, ಬಂದ ವರ್ಷವೇ ಬಸ್ಸು ನಿಂತಿತು ಎಂಬ ಮಾತಿಗೆ ಹೆದರಿ, ತನ್ನ ಅಡುಗೆಮನೆಯ ಎಣ್ಣೆಯನ್ನು ದಿನಾ ಸಂಜೆ ದಿಣ್ಣೆ ಹತ್ತಿ ಒಯ್ದು ಸುರಿದಿದ್ದಳು. ಊರೆಲ್ಲ ಹೊಗಳಿತ್ತು. ಜವರಪ್ಪ ಮಾತ್ರ ತಮಾಷೆಗೆ, 'ನಮ್ಮ ಪಾಲುದಾರನ್ನ ನೀನು ಉಪವಾಸಾನೂ ಕೆಡವಲ್ಲ ಬಿಡು' ಎಂದಿದ್ದ.

ಕಾರ್ತಿಕದ ಮೊದಲ ಸೋಮವಾರ ದಿಣ್ಣೆಯ ಗುಡಿಯ ಮುಂದೆ ಮಾತುಕತೆ ಕೂಡಿತು. ಕರೆಸಿದವಳು ವಿಶಾಲಾಕ್ಷಮ್ಮನೇ. ಪೂಜೆಯ ಅಯ್ಯನವರು, ಒಂದಿಬ್ಬರು ಹಿರಿಯರು, ಶಾಂತಪ್ಪ, ಪುಟ್ಟಸ್ವಾಮಿ. ಶಿವಮ್ಮ ಚೆನ್ನಿಯನ್ನು ಎತ್ತಿಕೊಂಡು ಕಟ್ಟೆಯ ಆಚೆ ಕೂತಿದ್ದಳು. ಒಳಗೆ ಬಸವಣ್ಣನ ಬಲಗಡೆ ಹಿತ್ತಾಳೆಯ ನಂದಾದೀಪ ನೆಟ್ಟಗೆ ಉರಿಯುತ್ತಿತ್ತು.

"ಸುಮ್ನೆ ವಾದ ಯಾಕೆ ಅಯ್ಯನೋರೆ?" ಎಂದು ಶಾಂತಪ್ಪ ಶುರು ಮಾಡಿದ. "ಹೂ ಕೇಳಿಬಿಡಿ. ಬಲಕ್ಕೆ ಬಿದ್ರೆ ಸಾಲ, ಎಡಕ್ಕೆ ಬಿದ್ರೆ ಪಾಲು."

ಅಯ್ಯನವರು ತಲೆ ಅಲ್ಲಾಡಿಸಿದರು. "ಮಳೆ ಬೆಳೆಗೆ ಹೂ ಕೇಳು, ಕೊಡ್ತಾನೆ. ಬಸ್ಸಿನ ಲೆಕ್ಕಕ್ಕೆ ಅವನನ್ನ ಎಳೀಬೇಡ. ಮನುಷ್ಯರು ಆಡಿದ ಮಾತಿಗೆ ಮನುಷ್ಯರೇ ಜವಾಬು ಹೇಳ್ಬೇಕು."

ವಿಶಾಲಾಕ್ಷಮ್ಮ ಎದ್ದು ನಿಂತು, ಬಿತ್ತನೆಯ ಬತ್ತ ಮತ್ತು ಪಾಲಿನ ಕಡಸಿನ ಮಾತು ಹೇಳಿದಳು. ಹಿರಿಯರು ಹೂಂಗುಟ್ಟಿದರು, ಅವರ ಮನೆಗಳಲ್ಲೂ ಅದೇ ನಡವಳಿಕೆ. ಮೋರಿ ಕುಸಿದ ವರ್ಷ ಬಸ್ಸು ದೇವರಿಗೆ ಏನೂ ಕೊಡಲಿಲ್ಲ, ದೇವರೂ ಕೇಳಲಿಲ್ಲ, ಆದ್ದರಿಂದ ಅದು ಪಾಲು ಎಂದಳು.

ಶಾಂತಪ್ಪ ಮೆಲ್ಲಗೆ ಕೇಳಿದ. "ಆ ವರ್ಷ ದೀಪ ಆರಿತ್ತೇನಮ್ಮ?"

ಅವಳ ಜವಾಬಿಗೆ ಕಾಯದೆ ತಾನೇ ಹೇಳಿದ.

"ಆರಿರಲಿಲ್ಲ. ಎಣ್ಣೆ ತಪ್ಪದೆ ಬಂತು. ತಂದವಳು ಯಾರು ಅಂತ ಊರಿಗೇ ಗೊತ್ತು. ಕಷ್ಟ ಇರ್ಲಿ ಸುಖ ಇರ್ಲಿ, ಅವನಿಗೆ ಬರ್ಬೇಕಾದ್ದು ಬಂತು. ಬಿತ್ತನೆ ಬತ್ತದ ಹಂಗೆ. ನೀನೇ ಅಳೆದು ತಂದೆಯಲ್ಲ!"

ಯಾರೋ ಒಬ್ಬರು ಕೆಮ್ಮಿದರು. ಪುಟ್ಟಸ್ವಾಮಿ ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡ, ಕೆಲಸ ಮುಗಿಯಿತೆಂಬಂತೆ. ವಿಶಾಲಾಕ್ಷಮ್ಮ ಚೆನ್ನಿಯ ಕಡೆ ತಿರುಗಿದಳು. ಭಕ್ತಿಯಿಂದ ಸುರಿದ ಎಣ್ಣೆ ತನ್ನ ಮಗಳ ಅನ್ನದ ಮೇಲೇ ಬಂದು ಬೀಳುತ್ತದೆಂದು ಯಾರು ಕಂಡಿದ್ದರು? ಕಟ್ಟೆಯ ಆಚೆಯಿಂದ ಚೆನ್ನಿ "ಅವ್ವಾ" ಎಂದಳು. ಶಿವಮ್ಮ ಅವಳ ಬಾಯಿಗೆ ಬೆಲ್ಲದ ಚೂರು ಇಟ್ಟಳು.

"ಬಾವ, ಆ ಎಣ್ಣೆ ನಂದು," ಎಂದಳು ಕೊನೆಗೆ. ದನಿ ಅವಳಿಗೇ ಚಿಕ್ಕದಾಗಿ ಕೇಳಿಸಿತು. "ಬಸ್ಸಿಂದಲ್ಲ. ನಂಗೆ ಹೆದರಿಕೆ ಆಗಿತ್ತು, ನಾನು ತಂದೆ. ಬಸ್ಸಿನ ಗಂಟಿಂದ ಒಂದು ಕಾಸೂ ತಗಳ್ಳಿಲ್ಲ, ತಗಳ್ಳೋಕೆ ಗಂಟೇ ಇರ್ಲಿಲ್ಲ. ಪಕ್ಕದ ಮನೆಯೋರು ನಿಮ್ಮ ಕಡಸಿಗೆ ಹುಲ್ಲು ಹಾಕಿದ್ರೆ ಕಡಸು ಅವರದ್ದಾಯ್ತದಾ? ನೀವು ಸಾಲ ಅಂತೀರಿ. ಆಯ್ತು. ನಾಳೆ ಈ ಬಸ್ಸು ಶನಿವಾರಸಂತೆ ಇಳಿಜಾರಿನಲ್ಲಿ ಉರುಳಿ ಪುಡಿಪುಡಿ ಆಯ್ತು ಅನ್ಕಳಿ. ಮನೆ ಮಾರಿ, ಗದ್ದೆ ಮಾರಿ ಬಸವಣ್ಣನ ಸಾಲ ತೀರಿಸ್ತೀರಾ? ಅವನ ಮುಂದೇನೇ ಇದೀರಿ. ಹೇಳಿ."

ಶಾಂತಪ್ಪ ಬಾಯಿ ತೆರೆದ. ಒಳಗಿನ ದೀಪದ ಕಡೆ ನೋಡಿದ. ಬೇರೆ ಯಾವ ಜಗಲಿಯ ಮೇಲಾದರೂ 'ತೀರಿಸ್ತೀನಿ' ಎಂದುಬಿಡುತ್ತಿದ್ದನೋ ಏನೋ. ಅಲ್ಲಿ ನಾಲಗೆ ಏಳಲಿಲ್ಲ. ವಿಭೂತಿ ಇಟ್ಟ ಹಣೆಯನ್ನು ಅಂಗೈಯಲ್ಲಿ ಉಜ್ಜಿಕೊಂಡು, "ಅದು ಹೆಂಗಾಯ್ತದಮ್ಮ? ಬಸ್ಸೇ ಹೋದ್ಮೇಲೆ ಅವನದೂ ಹೋದಂಗೆ" ಎಂದ.

"ಅಲ್ಲಿಗೆ ಪಾಲು ಅಂತ ನೀನೇ ಹೇಳ್ದೆ," ಎಂದರು ಅಯ್ಯನವರು.

ಪುಟ್ಟಸ್ವಾಮಿ ಕಿವಿಯಿಂದ ಪೆನ್ಸಿಲು ತೆಗೆದ. ಹಳೆಯದನ್ನು ಹೊಡೆದು ಹಾಕಿ ಹೊಸದಾಗಿ ಮಾಡಿದ ಲೆಕ್ಕ ಕೇಳಿ ಶಾಂತಪ್ಪ ತಲೆ ತಗ್ಗಿಸಿದ. ಅಷ್ಟು ಹಣಕ್ಕೆ ಹಾಸನದವನು ಒಪ್ಪುವವನಲ್ಲ. ಪಾಲು ಉಳಿಯಿತು.

ಆದರೆ ಅಯ್ಯನವರು ಇನ್ನೂ ಎದ್ದಿರಲಿಲ್ಲ. "ತಾಯಿ, ಇನ್ನೊಂದು ಮಾತು ಅದೆ. ಪಾಲು ಅಂದ್ಮೇಲೆ ನಷ್ಟನೂ ಪಾಲು. ಇನ್ಮುಂದೆ ಬಸ್ಸು ಎಣ್ಣೆ ಕೊಡದ ದಿನ ಆ ದೀಪಕ್ಕೆ ಯಾರೂ ಎಣ್ಣೆ ಹಾಕೋ ಹಂಗಿಲ್ಲ. ನೀನಂತೂ ಹಾಕಲೇ ಕೂಡದು. ಪೂಜೆ ಹೊತ್ತಿಗೆ ನಾನು ಸಣ್ಣ ಹಣತೆ ಹಚ್ಕತೀನಿ. ನಂದಾದೀಪ ಕತ್ತಲಾದ್ರೆ ಕತ್ತಲೆ. ಒಪ್ಪಿದೆಯಾ?"

ಅವಳು ಒಪ್ಪಿದಳು. ಒಪ್ಪದೆ ಬೇರೆ ದಾರಿ ಇರಲಿಲ್ಲ.

ಕೆಟ್ಟ ಕಾಲ ದೂರವೇನೂ ಇರಲಿಲ್ಲ. ಅದೇ ವಾರ ಸಂಜೆ ಬಸ್ಸಿನ ಬದಲು ಮಾರ ಒಬ್ಬನೇ, ಯಾರದೋ ಎತ್ತಿನಗಾಡಿಯಲ್ಲಿ ಕೂತು ಬಂದ. ಮೈಯೆಲ್ಲ ಗ್ರೀಸು.

"ಅಮ್ಮಾ, ಎಂಜಿನ್ನು ಕಚ್ಕಂಡ್ಬುಡ್ತು. ಸಂತೆ ಏರಿನಲ್ಲಿ ಡಬ್ ಅಂತು. ಪ್ಯಾಸೆಂಜರ್‌ನೆಲ್ಲ ಇಳಿಸಿ ತಳ್ಳಿಸಿ ಬದಿಗೆ ನಿಲ್ಸಿವ್ನಿ. ಒಳಗಿಂದು ಪೂರ್ತಿ ಬದಲಾಯಿಸ್ಬೇಕು ಅಂತಾನೆ ಮೇಸ್ತ್ರಿ."

ಹಾಸನದ ಹಣ ಬಂದಿದ್ದರೆ ಅದಕ್ಕೇ ಹಾಕಬಹುದಿತ್ತು. ಈಗ ಪಾಲುದಾರರೇ ಹಾಕಬೇಕು, ಅವರವರ ಆಣೆಯಂತೆ. ಶಾಂತಪ್ಪ ತನ್ನ ಏಳಾಣೆಯ ಖರ್ಚಿಗೆ ಏಲಕ್ಕಿ ಮೂಟೆಗಳನ್ನು ಬೆಲೆ ಇಲ್ಲದ ಕಾಲದಲ್ಲೇ ಮಾರಿದ. ವಿಶಾಲಾಕ್ಷಮ್ಮ ಕೊಟ್ಟಿಗೆಗೆ ಹೋಗಿ ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಿದ್ದಳು. ಕರು ಹಾಕಿ ಎರಡು ತಿಂಗಳಾಗಿತ್ತು, ಎರಡು ಹೊತ್ತೂ ತುಂಬ ಹಾಲು. ಕರೆಯುವ ಹಸುವಿನ ಮಾತಾಡಿದವಳು ಕರೆಯುವ ಎಮ್ಮೆಯನ್ನೇ ಶನಿವಾರಸಂತೆಗೆ ಹೊಡೆದುಕೊಂಡು ಹೋಗಬೇಕಾಯಿತು. ಆ ರಾತ್ರಿಯಿಂದ ಚೆನ್ನಿಗೆ ಗಂಜಿಯೇ ಗತಿ. ಮಗು ಬಟ್ಟಲನ್ನು ತಳ್ಳಿ, ಕೊಟ್ಟಿಗೆಯ ಕಡೆ ಬೆರಳು ಮಾಡಿ ಅಳುತ್ತಿತ್ತು.

ಬಸವಣ್ಣನ ಎರಡಾಣೆ? ಹುಂಡಿಯಲ್ಲಿದ್ದ ಚಿಲ್ಲರೆಯನ್ನು ಅಯ್ಯನವರು ಒಂದು ಬಟ್ಟೆಯಲ್ಲಿ ಕಟ್ಟಿ ಕಳಿಸಿದರು. ಸಾಲದೆ ಬಂದದ್ದಕ್ಕೆ ಗುಡಿಯ ಎರಡು ಹಿತ್ತಾಳೆ ಕೊಡಗಳು ಮಾರಾಟಕ್ಕೆ ಬಂದವು. ಅದರ ಮಾರನೆಯ ದಿನ ನಂದಾದೀಪ ಆರಿತು.

ಕಾರ್ತಿಕ ಮಾಸ. ಮನೆಮನೆಯ ಹೊಸ್ತಿಲಲ್ಲೂ ದೀಪ ಇರುವ ತಿಂಗಳು. ಊರು ಬಾಯಿ ಮುಚ್ಚಿಕೊಂಡಿರುತ್ತದೆಯೇ? ಬಾವಿಕಟ್ಟೆಯಲ್ಲಿ ಅವಳು ಬಂದೊಡನೆ ಮಾತು ನಿಲ್ಲುತ್ತಿತ್ತು. ಬೆನ್ನು ತಿರುಗಿಸಿದೊಡನೆ, "ಅವಳ ಏಳಾಣೆ ಉಳೀತು, ದೇವರ ದೀಪ ಹೋಯ್ತು" ಎಂದು ಕೇಳಿಸುವಷ್ಟೇ ಮೆಲ್ಲಗೆ ಯಾರೋ ಅನ್ನುತ್ತಿದ್ದರು. ಅವಳು ಕೊಡ ತುಂಬಿಸಿಕೊಂಡು ಬರುತ್ತಿದ್ದಳು. ಮನೆಯ ಗೂಡಿನಲ್ಲಿ ಹರಳೆಣ್ಣೆಯ ಸೀಸೆ ತುಂಬಿ ಕೂತಿತ್ತು. ಸಂಜೆಯಾದರೆ ಕೈ ತಾನಾಗಿ ಅದರ ಕಡೆ ಹೋಗುತ್ತಿತ್ತು. ಒಂದು ಸೌಟು. ಯಾರಿಗೂ ತಿಳಿಯುವುದಿಲ್ಲ. ಆದರೆ ಆ ಒಂದು ಸೌಟಿನಿಂದ ಬಸವಣ್ಣ ಮತ್ತೆ ಸಾಲ ಕೊಟ್ಟವನಾಗಿ ಎದುರು ನಿಲ್ಲುತ್ತಾನೆ, ಚೆನ್ನಿಯ ಗಂಜಿಗೂ ಕುತ್ತು.

ಕೊನೆಯ ಸೋಮವಾರ ಸಂಜೆ ಅವಳು ದಿಣ್ಣೆ ಹತ್ತಿದಳು. ಕೈಯಲ್ಲಿ ಸೀಸೆ ಇತ್ತು, ಹೊರಗಿನ ಕಲ್ಲಿನ ದೀಪದ ಕಂಬಕ್ಕೆಂದು. ಹೊರಗಿನ ದೀಪಗಳು ಯಾರು ಬೇಕಾದರೂ ಹಚ್ಚುವಂಥವು, ಅವುಗಳ ಮೇಲೆ ಯಾರ ಲೆಕ್ಕವೂ ಇಲ್ಲ. ಜನ ಇನ್ನೂ ಬಂದಿರಲಿಲ್ಲ. ಅಯ್ಯನವರು ಬಿಲ್ವಪತ್ರೆಗೆ ಹೋಗಿದ್ದರು. ಗುಡಿಯೊಳಗೆ ಮಸುಕಿನಲ್ಲಿ ಯಾರೋ ನಿಂತಿದ್ದರು.

ಶಾಂತಪ್ಪ. ಶಾಲಿನ ಮರೆಯಿಂದ ಹಿತ್ತಾಳೆಯ ಗಿಂಡಿಯೊಂದನ್ನು ತೆಗೆದು ದೀಪದ ಬಟ್ಟಲಿನ ಮೇಲೆ ಬಾಗಿಸುವುದರಲ್ಲಿದ್ದ.

"ಬಾವ!"

ಅವನು ಬೆಚ್ಚಿ ಹಿಂದೆ ತಿರುಗಿದ. ಗಿಂಡಿಯ ಬಾಯಲ್ಲಿ ಒಂದು ಹನಿ ಹೊಳೆದು ಅಲ್ಲೇ ನಿಂತಿತು.

ಇದೂ ಒಂದು ಹೂಟವೇ? ನಾಳೆ ಪುಟ್ಟಸ್ವಾಮಿಯನ್ನು ಕರೆಸಿ, 'ನೋಡಿ, ದೀಪ ಉರೀತಾನೇ ಅದೆ' ಎನ್ನುವುದಕ್ಕೆ? ವಿಶಾಲಾಕ್ಷಮ್ಮ ಬಾಗಿಲಲ್ಲಿ ನಿಂತು ಅವನ ಮುಖ ನೋಡಿದಳು. ಗಡ್ಡ ಬೆಳೆದಿತ್ತು. ಕಣ್ಣ ಕೆಳಗೆ ಕಪ್ಪು. ಹೂಟ ಹೂಡಿದವನ ಮುಖ ಹಾಗಿರುವುದಿಲ್ಲ ಎನ್ನಿಸಿತು, ಆದರೂ ಖಾತ್ರಿಯಾಗಿ ಹೇಳಲಾರಳು.

"ನಂಗೆ ನಿದ್ದೆ ಬತ್ತಿಲ್ಲ ಕಣಮ್ಮ," ಎಂದ ಅವನು. "ಜವರ ಬದುಕಿದ್ದಾಗ ಒಂದು ದಿನಾನೂ ಆರದ ದೀಪ. ನಾವಿಬ್ಬರೂ ಕಿತ್ತಾಡಿ ಆರಿಸಿದ್ವಿ."

"ನಂಗೂ ಬತ್ತಿಲ್ಲ ಬಾವ. ಆದ್ರೂ ಹಾಕ್ಬೇಡಿ."

"ಒಂದು ತೊಟ್ಟು..."

"ಒಂದು ತೊಟ್ಟು ಹಾಕಿದ್ರೂ ನನ್ನ ಮಾತು ಸುಳ್ಳಾಯ್ತದೆ. ನಾನು ಎಮ್ಮೆ ಮಾರಿದೆ, ನೀವು ಏಲಕ್ಕಿ ಮಾರಿದ್ರಿ. ಅವನೂ ನಮ್ಮ ಜೊತೆಗೆ ಇರ್ಲಿ. ಪಾಲುದಾರ ಅಂತ ಕರೆದು, ಕಷ್ಟಕ್ಕೆ ಮಾತ್ರ ಹೊರಗಿಟ್ರೆ ಹೆಂಗೆ?"

ಹೇಳಿದ ಮಾತು ಅವಳಿಗೆ ಧೈರ್ಯ ಕೊಡಲಿಲ್ಲ. ಬಸವಣ್ಣನ ಕಲ್ಲಿನ ಕಣ್ಣು ಕತ್ತಲಲ್ಲಿ ಕಾಣುತ್ತಿರಲಿಲ್ಲ, ಆದರೂ ತನ್ನನ್ನೇ ನೋಡುತ್ತಿದೆ ಎನ್ನಿಸಿತು. ನಾಳೆ ಚೆನ್ನಿಗೆ ಜ್ವರ ಬಂದರೆ ಊರು ಏನನ್ನುತ್ತದೆ? ತಾನೇ ಏನೆಂದುಕೊಳ್ಳುತ್ತೇನೆ? ರಾಜ್ಯವೇ ಮೈಸೂರಿಗೆ ಹೋಗಿ, ಪರ್ಮಿಟ್ಟು ರದ್ದಾಗಿ, ಇಷ್ಟೆಲ್ಲ ಮಾಡಿ ಉಳಿಸಿದ ಏಳಾಣೆ ಬರಿಯ ಹಳದಿ ಅಕ್ಷರವಾದರೆ?

ಶಾಂತಪ್ಪ ಗಿಂಡಿಯನ್ನು ಕೆಳಗಿಳಿಸಿದ. ಆರಿದ ಬತ್ತಿ ಬಟ್ಟಲಿನ ಅಂಚಿಗೆ ಕಪ್ಪಗೆ ಅಂಟಿಕೊಂಡಿತ್ತು.

"ಇದನ್ನೇನು ಮಾಡ್ಲಿ?" ಎಂದು ಗಿಂಡಿ ತೋರಿಸಿದ, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ.

"ಬನ್ನಿ, ಹೊರಗೆ."

ಇಬ್ಬರೂ ಹೊರಗೆ ಬಂದು ಕಲ್ಲಿನ ಕಂಬದ ಗೂಡುಗಳಿಗೆ ಎಣ್ಣೆ ಬಿಡತೊಡಗಿದರು. ಎತ್ತರದವಕ್ಕೆ ಅವನು, ಕೈಗೆ ಎಟುಕುವವಕ್ಕೆ ಅವಳು. ಬತ್ತಿ ಹೊಸೆದು ಕೊಟ್ಟವಳೂ ಅವಳೇ. ಗಾಳಿಗೆ ಕೆಲವು ಆರಿದವು, ಮತ್ತೆ ಹಚ್ಚಿದರು. ದಿಣ್ಣೆ ಹತ್ತಿ ಬರುತ್ತಿದ್ದ ಜನ ದೂರದಿಂದಲೇ ಕಂಬ ಬೆಳಗಿದ್ದನ್ನು ಕಂಡು ಕೈಮುಗಿದರು.

"ಎಂಜಿನ್ನು ಯಾವಾಗ ಬತ್ತದಂತೆ?" ಎಂದು ಅವಳು ಬತ್ತಿ ಹೊಸೆಯುತ್ತಲೇ ಕೇಳಿದಳು.

"ಮಾರ ಹೇಳ್ತಾನೆ ಸಂಕ್ರಾಂತಿ ಹೊತ್ತಿಗೆ. ಅವನ ಸಂಕ್ರಾಂತಿ ಯಾವ ವರ್ಷದ್ದೋ."

ಅವಳಿಗೆ ನಗು ಬರಬೇಕಿತ್ತು. ಸೀಸೆಯ ತಳದಲ್ಲಿ ಒಂದಿಷ್ಟು ಎಣ್ಣೆ ಉಳಿದಿತ್ತು. ಅದನ್ನು ಕಂಬಕ್ಕೆ ಸುರಿಯದೆ ಬಿರಡೆ ಗಟ್ಟಿಯಾಗಿ ಒತ್ತಿ ಸೆರಗಿಗೆ ಕಟ್ಟಿಕೊಂಡಳು. ಬಸ್ಸು ಬಂದು ಮೊದಲ ದಿನದ ಚಿಲ್ಲರೆ ಗಂಟು ಬಿಚ್ಚಿದಾಗ ಅದರಿಂದ ಈ ಎಣ್ಣೆಯ ದುಡ್ಡು ತೆಗೆದಿಟ್ಟುಕೊಂಡು, ಆಮೇಲೆ ತಂದು ಒಳಗೆ ಸುರಿಯಬೇಕು. ಅಲ್ಲಿಯವರೆಗೆ ಒಳಗೆ ಕತ್ತಲೆ. ಗುಡಿಯ ಬಾಗಿಲಿನ ಕಡೆ ತಿರುಗಿ ನೋಡಲು ಅವಳಿಗೆ ಧೈರ್ಯ ಬರಲಿಲ್ಲ. ಹಾಲಿಲ್ಲದೆ ಅಳುತ್ತಿರುವ ಮಗು ಶಿವಮ್ಮನ ಮನೆಯಲ್ಲಿದೆ ಎಂಬುದು ನೆನಪಾಗಿ ಬೇಗಬೇಗ ದಿಣ್ಣೆ ಇಳಿದಳು.